ಹಳೇ ಅಮೆರಿಕನ್ ಲಾರ್ಜ್ ಸೆಂಟ್‌ಗಳನ್ನು ಜನರ ಕೈಗೆ ಕೊಟ್ಟು ತೋರಿಸುವುದು ಹೇಗೆ?

ತಾಮ್ರದಬಿಲ್ಲೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1794ರಿಂದ 1857ರವರೆಗಿನ ಸುಮಾರು ಮೂವತ್ತು ಲಾರ್ಜ್ ಸೆಂಟ್‌ಗಳಿವೆ. ಅಮೆರಿಕದ ಹಳೇ, ದೊಡ್ಡ ತಾಮ್ರದ ಒಂದು ಸೆಂಟಿನ ನಾಣ್ಯಗಳು ಇವು. ಇಲ್ಲಿನ ಲೈಬ್ರರಿಯ ಕೋಣೆಯಲ್ಲಿ ನಮ್ಮ ಕನ್ನಡ ಕೂಟದವರಿಗೆ ಎರಡು ಗಂಟೆ ಹೊತ್ತು ತೋರಿಸಬೇಕೆಂದಿದ್ದೇನೆ. ಇಪ್ಪತ್ತೈದು ಜನ, ಅದರಲ್ಲಿ ಅರ್ಧ ಮಕ್ಕಳು. ಗಾಜಿನೊಳಗಿಟ್ಟರೆ ಯಾರಿಗೂ ರುಚಿ ಹತ್ತುವುದಿಲ್ಲ, ಕೈಗೆ ಕೊಟ್ಟರೆ ತಾಮ್ರ ಕೆಡುತ್ತದೆ. ಯಾವುದನ್ನು ಕೊಡಬಹುದು, ಮೇಜಿನ ಮೇಲೆ ಏನೇನು ಬೇಕು, ಬೆಲೆ ಬಿಟ್ಟು ಬೇರೆ ಏನು ಹೇಳಿದರೆ ಕುತೂಹಲ ಹುಟ್ಟುತ್ತದೆ?

ಕಮ್ಮಟ:
ಕೈಗೆ ಕೊಡಲೇಬೇಕು. ಈ ನಾಣ್ಯದ ಅರ್ಧ ಸೊಗಸು ಅದರ ತೂಕದಲ್ಲೇ ಇದೆ. ಆದರೆ ಮೂವತ್ತನ್ನೂ ಒಯ್ಯಬೇಡಿ, ಹನ್ನೆರಡು ಸಾಕು. ಹೊಸಬರಿಗೆ ಅದಕ್ಕಿಂತ ಹೆಚ್ಚಾದರೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ.

ಕೈಗೆ ಕೊಡಲು ಚೆನ್ನಾಗಿ ಸವೆದು, ಕಂದು ಬಣ್ಣ ನಿಂತುಹೋದವೇ ಸರಿ. 1840–50ರ ದಶಕದ ಬ್ರೇಡೆಡ್ ಹೇರ್ (ಹೆಣೆದ ಕೂದಲಿನ ತಲೆಯ ಚಿತ್ರವಿರುವವು) ಎರಡು ಮೂರು ಇರಲಿ. 1851 ಒಂದರಲ್ಲೇ 98 ಲಕ್ಷಕ್ಕೂ ಹೆಚ್ಚು ಅಚ್ಚಾಗಿವೆ, ಸಿಗುವುದು ಕಷ್ಟವಲ್ಲ. ಜೊತೆಗೆ ಮುಖ ಅರ್ಧ ಅಳಿಸಿದ, ಇಸವಿ ಓದಲು ಬರುವ 1802 ಅಥವಾ 1803ರ ಡ್ರೇಪ್ಡ್ ಬಸ್ಟ್ (ಬಟ್ಟೆ ಹೊದ್ದ ಎದೆಯವರೆಗಿನ ಚಿತ್ರವಿರುವುದು) ಒಂದು. ಹುಟ್ಟಿದಾಗಿನ ಕೆಂಪು ಒಂಚೂರು ಉಳಿದಿದ್ದರೂ ಆ ನಾಣ್ಯ ಸ್ಲ್ಯಾಬ್ (ಸೀಲ್ ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಬಿಟ್ಟು ಹೊರಗೆ ಬರಬಾರದು. ಬೆರಳಿನ ಎಣ್ಣೆ, ಉಪ್ಪು ಲೋಹವನ್ನು ಒಮ್ಮೆ ಕೊರೆದರೆ ಆ ಗುರುತು ಶಾಶ್ವತ.

0.01 ಗ್ರಾಂ ತೋರಿಸುವ ತಕ್ಕಡಿ ತಪ್ಪದೆ ಒಯ್ಯಿರಿ. 1793ರಲ್ಲಿ ಸೆಂಟಿನ ನಿಗದಿತ ತೂಕ 13.48 ಗ್ರಾಂ. ತಾಮ್ರ ತುಟ್ಟಿಯಾದ್ದರಿಂದ 1795ರ ಕೊನೆಗೆ ಅದನ್ನು 10.89ಕ್ಕೆ ಇಳಿಸಿದರು. ಸವೆದ ನಾಣ್ಯ ಇದಕ್ಕಿಂತ ಸ್ವಲ್ಪ ಕಡಿಮೆ ತೂಗುತ್ತದೆ, ಗಾಬರಿ ಬೇಡ. ಈಗಿನ ಸೆಂಟ್ 2.5 ಗ್ರಾಂ. ತಕ್ಕಡಿಯ ಮೇಲೆ ನಾಲ್ಕು ಹೊಸ ಸೆಂಟ್ ಇಟ್ಟರೆ 10, ತೆಗೆದು ಹಳೆಯದೊಂದನ್ನೇ ಇಟ್ಟರೆ ಅದಕ್ಕೂ ಹೆಚ್ಚು. ಮಕ್ಕಳಿಂದಲೇ ತೂಗಿಸಿ, ಉಳಿದದ್ದನ್ನು ಅವರೇ ಕೇಳುತ್ತಾರೆ.

ನಿಮ್ಮ 1794ರ ಅಂಚನ್ನು ನೋಡಿ: ‘ವನ್ ಹಂಡ್ರೆಡ್ ಫಾರ್ ಎ ಡಾಲರ್’ ಎಂದು ಅಕ್ಷರಗಳಿರುತ್ತವೆ. ಬಿಲ್ಲೆ ತೆಳುವಾದ ಮೇಲೆ ಅಕ್ಷರಕ್ಕೆ ಜಾಗ ಸಾಲದೆ ಅದನ್ನು ಕೈಬಿಟ್ಟರು. ಸ್ಲ್ಯಾಬಿನೊಳಗಿದ್ದರೆ ಈ ಅಂಚು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ 1794ನ್ನು ನೀವೇ ಹಿಡಿದು ತಿರುಗಿಸಿ ತೋರಿಸಿ.

ಕಿಲುಬುವೈರಿ:
ಮೇಜಿನ ವಿಷಯ ನಾನು ಹೇಳುತ್ತೇನೆ, ಹಾನಿಯಾಗುವುದು ಅಲ್ಲಿಯೇ. ದಪ್ಪ ಟವೆಲನ್ನು ನಾಲ್ಕು ಪದರ ಮಡಚಿ ಹಾಸಿ, ಮೇಲೆ ನಯವಾದ ಬಟ್ಟೆ. ಎರಡು ಬೆರಳಿನಲ್ಲಿ ಅಂಚು ಮಾತ್ರ ಹಿಡಿಯಬೇಕು, ಬಟ್ಟೆಯಿಂದ ನಾಲ್ಕೈದು ಸೆಂಟಿಮೀಟರಿಗಿಂತ ಮೇಲೆ ಎತ್ತಬಾರದು. ಹತ್ತಿಯ ಗ್ಲೌಸ್ ಬೇಡ, ಜಾರಿ ಬೀಳಿಸುವುದೇ ಅದು. ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿದ ಬರಿಗೈ ಮೇಲು. ಒಂದು ಕೈಯಿಂದ ಇನ್ನೊಂದು ಕೈಗೆ ನಾಣ್ಯ ದಾಟಿಸುವುದು ಬೇಡ. ಒಬ್ಬರು ಬಟ್ಟೆಯ ಮೇಲೆ ಇಡಲಿ, ಮುಂದಿನವರು ಅಲ್ಲಿಂದ ಎತ್ತಿಕೊಳ್ಳಲಿ. ಮೊದಲನೆಯದು ತಟ್ಟೆಗೆ ವಾಪಸ್ ಬಂದ ಮೇಲೆಯೇ ಎರಡನೆಯದನ್ನು ಹೊರಗೆ ತೆಗೆಯಿರಿ. ಇದರಿಂದ ಲೆಕ್ಕವೂ ತಪ್ಪುವುದಿಲ್ಲ. ನಾಣ್ಯದ ಮೇಲೆ ಬಾಗಿ ಮಾತಾಡಿದರೆ ಎಂಜಲು ಸಿಡಿದು ಮುಂದೆ ಕಪ್ಪು ಚುಕ್ಕೆಯಾಗುತ್ತದೆ. ಕೂಟವೆಂದರೆ ಚಕ್ಕುಲಿ, ಕೋಡುಬಳೆ ಇದ್ದೇ ಇರುತ್ತದೆ, ಅದು ಬೇರೆ ಕೋಣೆಯಲ್ಲಿರಲಿ.

ಮನೆಗೆ ಬಂದ ದಿನವೇ ಪ್ರತಿ ನಾಣ್ಯವನ್ನೂ ಒಂಟೆಕೂದಲ ಮೆತ್ತನೆ ಬ್ರಷ್ಷಿನಿಂದ ಹಗುರವಾಗಿ ಸವರಿ. ಬೆರಳ ಜಿಡ್ಡು ಕಂಡರೆ ಗಾಜಿನ ಬಟ್ಟಲಲ್ಲಿ ಕ್ಸೈಲೀನ್ ಎಂಬ ದ್ರಾವಕ ಹಾಕಿ ಒಂದು ನಿಮಿಷ ಅದ್ದಿ, ಉಜ್ಜದೆ ಒತ್ತಿ ಒಣಗಿಸಿ. ಈ ಕೆಲಸ ಬಯಲಲ್ಲಿ, ಬೆಂಕಿಯಿಂದ ದೂರ. ಪ್ಲಾಸ್ಟಿಕ್ ಬಟ್ಟಲಾದರೆ ಕರಗಿ ನಾಣ್ಯಕ್ಕೇ ಮೆತ್ತಿಕೊಳ್ಳಬಹುದು. ಇಡುವುದು ಹತ್ತಿಯ ಒಳಪದರ ಇರುವ ಚಿಕ್ಕ ಕಾಗದದ ಲಕೋಟೆಯಲ್ಲಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ಕಿನ ಚೀಲಗಳು (ಫ್ಲಿಪ್) ವರ್ಷ ಕಳೆದಂತೆ ಹಸಿರು ಅಂಟು ಬಿಡುತ್ತವೆ.

ಇನ್ನೊಂದು ಮಾತು, ನಮ್ಮವರಿಗೆ ಒತ್ತಿ ಹೇಳಿ. ತಾಮ್ರ ಕಂಡೊಡನೆ ಹುಣಸೆಹಣ್ಣು ನೆನಪಾಗುವವರು ನಾವು. ದೇವರಮನೆಯ ತಂಬಿಗೆಗೆ ಅದು ಸರಿ. ಇಲ್ಲಿ ಹುಳಿ ಮುಟ್ಟಿದರೆ ಇನ್ನೂರು ವರ್ಷ ಕೂತ ಕಂದು ಪದರ ಕಿತ್ತುಬಂದು ಗುಲಾಬಿ ಬಣ್ಣದ ಹಸಿ ತಾಮ್ರ ಉಳಿಯುತ್ತದೆ, ಬೆಲೆಯೂ ಅದರೊಂದಿಗೆ ಹೋಗುತ್ತದೆ.

ಅಚ್ಚುಗುರುತು:
ಕುತೂಹಲ ಹುಟ್ಟಿಸಲು ನನ್ನ ಪ್ರಕಾರ ಒಂದೇ ದಾರಿ: ನಾಣ್ಯದ ಮುಂಬದಿ, ಹಿಂಬದಿಯನ್ನು ಒತ್ತಿದ ಅಚ್ಚಿನ ಜೋಡಿಯನ್ನು ಅವರೇ ಕಂಡುಹಿಡಿಯಲಿ. ಆಗ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಕ್ಷರ, ಅಂಕಿ, ಎಷ್ಟೋ ಸಲ ಹಿಂಬದಿಯ ಎಲೆಹಾರದ ಎಲೆ, ಕಾಯಿಗಳನ್ನೂ ಅಚ್ಚಿನೊಳಗೆ ಕೈಯಿಂದ ಹೊಡೆಯುತ್ತಿದ್ದರು. ಹೀಗಾಗಿ ಎರಡು ಅಚ್ಚು ಒಂದೇ ಥರ ಇಲ್ಲ. ಅಚ್ಚುಗಳು ಬೇಗ ಬಿರುಕು ಬಿಡುತ್ತಿದ್ದವು, ಒಂದು ಮುರಿದರೆ ಉಳಿದದ್ದನ್ನು ಬೇರೆಯದರ ಜೊತೆ ಸೇರಿಸುತ್ತಿದ್ದರು. 1794 ಒಂದಕ್ಕೇ, ಅಚ್ಚಿನ ಜೋಡಿಗಳಿಗೆ ಸಂಖ್ಯೆ ಕೊಟ್ಟ ಶೆಲ್ಡನ್ ಪಟ್ಟಿಯಲ್ಲಿ ಎಸ್-17ರಿಂದ ಎಸ್-72ರವರೆಗೆ ಸಂಖ್ಯೆಗಳಿವೆ. ಅದರಲ್ಲಿ ಎಸ್-48ರ ಹಿಂಬದಿಯ ಅಂಚಿನ ಸುತ್ತ 94 ಪುಟ್ಟ ನಕ್ಷತ್ರಗಳು!

ಅಭ್ಯಾಸಕ್ಕೆ ಮಾತ್ರ 1794 ಬೇಡ, ನಿಮ್ಮ 1802 ಅಥವಾ 1803 ಹಿಡಿಯಿರಿ. ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) 10x ಬೇಡ, 7x ಸಾಕು. ಅದರಲ್ಲಿ ಹೆಚ್ಚು ಜಾಗ ಕಾಣುತ್ತದೆ, ಮಕ್ಕಳಿಗೂ ಬೇಗ ಒಗ್ಗುತ್ತದೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನಾಣ್ಯವನ್ನು ಕಣ್ಣಿನತ್ತ ತರಬೇಕು. ಒಂದೇ ದೀಪ, ಎಡ ಮೇಲ್ಗಡೆಯಿಂದ ಓರೆಯಾಗಿ. ಚಾವಣಿಯ ಟ್ಯೂಬ್‌ಲೈಟಿನಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಮೊದಲು ಹಿಂಬದಿಯ ಭಿನ್ನರಾಶಿ ನೋಡಿ: 1/100 ಇರಬೇಕಾದಲ್ಲಿ 1801, 1802ರ ಕೆಲವು ಅಚ್ಚುಗಳಲ್ಲಿ 1/000 ಎಂದೇ ಬಿದ್ದಿದೆ. ಆಮೇಲೆ ಎಡಬಲದ ಕಾಯಿಗಳನ್ನು ಎಣಿಸಿ, ಕೊನೆಗೆ ಎಲೆಯ ತುದಿ ಯಾವ ಅಕ್ಷರದ ಕೆಳಗೆ ಬರುತ್ತದೆ ನೋಡಿ. ಅಚ್ಚಿನ ದೊಡ್ಡ ಫೋಟೊ ನಾಲ್ಕೈದು ಮುದ್ರಿಸಿ ಪಕ್ಕದಲ್ಲಿಟ್ಟರೆ ಹತ್ತು ವರ್ಷದ ಮಗುವೂ ಹೊಂದಿಸುತ್ತದೆ.

ತಾಮ್ರದಬಿಲ್ಲೆ:
ತುಂಬಾ ಉಪಕಾರವಾಯಿತು. ಮೂರು ಪ್ರಶ್ನೆ. ಯಾರಾದರೂ ತಮ್ಮ ಮನೆಯ 1799, 1804ರ ಅಪರೂಪದ ಸೆಂಟ್ ತಂದು ತೋರಿಸಿದರೆ ಏನು ಹೇಳಲಿ? ವಿಮೆಯ ಗತಿ ಏನು? ಟಿಪ್ಪುವಿನ ಆನೆಯ ಪೈಸೆ ಒಂದಿದೆ, ಜೊತೆಗಿಡಬಹುದೇ?

ಅಚ್ಚುಗುರುತು:
1804ಕ್ಕೆ ಸುಲಭ ಪರೀಕ್ಷೆ ಇದೆ. ಇಸವಿಯ ಸೊನ್ನೆಯ ನೇರಕ್ಕೆ ಅಂಚಿನಲ್ಲಿ ಉಗುರಿಟ್ಟು ಹಿಡಿದು, ನಾಣ್ಯವನ್ನು ಹಿಂಬದಿಗೆ ತಿರುಗಿಸಿ. ಉಗುರಿನ ಎದುರಿಗೆ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ದಲ್ಲಿನ ‘ಆಫ್’ (OF) ಪದದ ‘ಓ’ ಅಕ್ಷರ ಬರಬೇಕು. ಬರದಿದ್ದರೆ ಅದು ಬೇರೆ ಇಸವಿಯನ್ನು ತಿದ್ದಿದ್ದು, ಇಲ್ಲವೇ ಟಂಕಸಾಲೆಯ ಹೊರಗೆ ಹಳೇ ಅಚ್ಚುಗಳಿಂದ ಆಮೇಲೆ ಹೊಡೆದದ್ದು. 1799 ಎಂದು ತೋರಿಸುವುದರಲ್ಲಿ 1798ರ ಎಂಟನ್ನು ಒಂಬತ್ತಾಗಿ ಕೆತ್ತಿದವು ಬಹಳ. ಕೊನೆಯ ಅಂಕಿಯ ಸುತ್ತ ತಗ್ಗು, ಗೀರು ಇದೆಯೇ ನೋಡಿ. ಅಸಲಿ, ನಕಲಿ ಎಂದು ಸಭೆಯಲ್ಲಿ ತೀರ್ಪು ಕೊಡಬೇಡಿ. ನಾಣ್ಯ ಪರೀಕ್ಷಿಸುವ ಗ್ರೇಡಿಂಗ್ ಸಂಸ್ಥೆಗೆ ಕಳಿಸಲು ಹೇಳಿ.

ಕಮ್ಮಟ:
ಅಮೆರಿಕದ ಸಾಮಾನ್ಯ ಮನೆವಿಮೆಯಲ್ಲಿ ನಾಣ್ಯ ಕಳುವಾದರೆ 200 ಡಾಲರ್ ಮಿತಿ ಇರುವುದೇ ಹೆಚ್ಚು. ಪಾಲಿಸಿ ಓದಿ, ಬೇಕಿದ್ದರೆ ಸಂಗ್ರಹಕ್ಕೆಂದೇ ಬೇರೆ ಮಾಡಿಸಿ. ಪ್ರಕಟಣೆಯಲ್ಲಿ ಮನೆ ವಿಳಾಸ, ಬೆಲೆ ಹಾಕಬೇಡಿ.

ಆನೆಯ ಪೈಸೆಯನ್ನು ಖಂಡಿತ ಇಡಿ. ಅದೂ ಸುಮಾರು 11 ಗ್ರಾಂ, ಕಾಲವೂ ಹೆಚ್ಚುಕಡಿಮೆ ಅದೇ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಡ್ರೇಪ್ಡ್ ಬಸ್ಟ್ ಸೆಂಟ್ ಅಚ್ಚಾಗುತ್ತಿತ್ತು. ಆ ಸೆಂಟುಗಳಿಗೆ ಖಾಲಿ ಬಿಲ್ಲೆ ಕಳಿಸುತ್ತಿದ್ದ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್, 1803ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಮದ್ರಾಸಿನ 10 ಮತ್ತು 20 ಕಾಸಿನ ನಾಣ್ಯಗಳನ್ನೂ ಹೊಡೆದುಕೊಟ್ಟ. ಸಿಕ್ಕರೆ 20 ಕಾಸಿನದೊಂದನ್ನು ಆನೆಗೂ ಸೆಂಟಿಗೂ ನಡುವೆ ಇಡಿ. ಸವೆದದ್ದಾದರೂ ಪರವಾಗಿಲ್ಲ, 1803 ಎಂಬ ಇಸವಿ ಕಂಡರೆ ಸಾಕು.