ಪೇಟೆಂಟ್ ವಕೀಲರಿಗೆ ವಿದೇಶಿ ಸಮ್ಮೇಳನ: ದುಡ್ಡು ಹಾಕಬೇಕಾ? ಬೆಂಗಳೂರಿನವರ ಅನುಭವ

ಪ್ರಶ್ನೆ: ನಮಸ್ಕಾರ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮಾಡಿ ಆಮೇಲೆ ಎಲ್‌ಎಲ್‌ಬಿ ಓದಿದವಳು ನಾನು. ಈಗ ಬೆಂಗಳೂರಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಪೇಟೆಂಟ್ ಕೆಲಸ. ರೂಲ್ಸು, ತೀರ್ಪು ಒಂದರ ಹಿಂದೆ ಒಂದು ಬರುತ್ತಲೇ ಇವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಗೊತ್ತಾಗುತ್ತಿಲ್ಲ. ಇದರ ಮಧ್ಯೆ ನಮ್ಮ ಸೀನಿಯರ್, ವಿದೇಶದಲ್ಲಿ ನಡೆಯುವ ದೊಡ್ಡ ಐಪಿ (ಬೌದ್ಧಿಕ ಆಸ್ತಿ) ಸಮ್ಮೇಳನಕ್ಕೆ ಹೋಗಿ ಬಾ, ಅರ್ಧ ಖರ್ಚು ಆಫೀಸಿನದು ಅಂತ ಹೇಳಿದ್ದಾರೆ. ಇನ್ನರ್ಧ ನನ್ನ ಕೈಯಿಂದ. ಹೋಗಿ ಬಂದವರು ಹೇಳಿ, ಪ್ರಯೋಜನ ಆಗುತ್ತಾ?

ಮಲ್ಲೇಶ್ವರಂನಿಂದ, ಹಳೇ ಪ್ರಾಕ್ಟೀಸ್:

ಮೇಡಂ, ಕಾನೂನು ಕಲಿಯೋಕೆ ಅಂತ ಹೋಗುವುದಾದರೆ ಬೇಡ. ಅಲ್ಲಿನ ಸ್ಟೇಜ್ ಮೇಲೆ ಭಾರತದ ಪೇಟೆಂಟ್ ಬಗ್ಗೆ ಒಂದು ಸೆಷನ್ ಇದ್ದರೆ ಹೆಚ್ಚು, ಅದೂ ಹೊರಗಿನವರಿಗೆ ಪರಿಚಯ ಮಾಡಿಕೊಡುವ ಮಟ್ಟದ್ದು. ಕಾನೂನು ಬದಲಾಗಿದ್ದು ಕಣ್ಣಿಗೆ ಕಾಣುವುದು ನಿಮ್ಮ ಆಫೀಸಿನ ಡಾಕೆಟ್ ಶೀಟಿನಲ್ಲಿ, ಅಂದರೆ ಅರ್ಜಿಗಳ ಗಡುವು ಬರೆದಿಡುವ ಪಟ್ಟಿಯಲ್ಲಿ.

ಅದನ್ನು ತೆರೆದು ಫಾರಂ 18ರ ಕಾಲಂ ನೋಡಿ. 2024ರ ಮಾರ್ಚ್ 15ಕ್ಕೆ ಮುಂಚೆ ಹಾಕಿದ ಅರ್ಜಿಗೆ ಎಕ್ಸಾಮಿನೇಷನ್ (ಪೇಟೆಂಟ್ ಆಫೀಸಿನ ಪರಿಶೀಲನೆ) ಕೇಳಲು 48 ತಿಂಗಳು ಇತ್ತು, ಅದು ಹಾಗೇ ಉಳಿದಿದೆ. ಅವತ್ತಿನಿಂದ ಹಾಕಿದ್ದಕ್ಕೆ 31 ತಿಂಗಳು. ಪಿಸಿಟಿ (ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಪೇಟೆಂಟ್ ಕೇಳುವ ಒಪ್ಪಂದ) ಅರ್ಜಿ ಭಾರತಕ್ಕೆ ಬರುವ ಗಡುವೂ 31 ತಿಂಗಳೇ, ಅಲ್ವಾ? ಹಾಗಾಗಿ ಕೊನೇ ದಿನ ರಾತ್ರಿ ಮೇಲ್ ಹಾಕಿ ಫೈಲ್ ಮಾಡಿ ಅನ್ನುವ ವಿದೇಶಿ ಕ್ಲೈಂಟು ಎಕ್ಸಾಮಿನೇಷನ್ ಫೀಸನ್ನೂ ಅವತ್ತೇ ಕಟ್ಟಬೇಕು. ಮೊದಲು ಅದಕ್ಕೆ ಇನ್ನೂ ಒಂದೂವರೆ ವರ್ಷ ಸಮಯ ಇರುತ್ತಿತ್ತು, ಆ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ. ಎಸ್ಟಿಮೇಟ್ ಕಳಿಸುವಾಗಲೇ ಎರಡೂ ಫೀಸು ಸೇರಿಸಿ ಬರೆಯಿರಿ, ಆಮೇಲೆ ಜಗಳ ಇರುವುದಿಲ್ಲ.

ಫಾರಂ 3 ಕೂಡ ಹಾಗೇ. ವಿದೇಶಿ ಅರ್ಜಿಗಳ ಹೊಸ ವಿವರವನ್ನು ಈಗ ಮೊದಲ ಪರೀಕ್ಷಾ ವರದಿ ಬಂದ ಮೂರು ತಿಂಗಳೊಳಗೆ ಕೊಟ್ಟರೆ ಸಾಕು. ಪೇಟೆಂಟ್ ಬಳಕೆಯಲ್ಲಿದೆಯಾ ಅಂತ ತಿಳಿಸುವ ಫಾರಂ 27 ಪ್ರತಿ ವರ್ಷ ಇದ್ದದ್ದು ಮೂರು ಹಣಕಾಸು ವರ್ಷಕ್ಕೊಂದು ಸಲ ಆಗಿದೆ. ಇವೆಲ್ಲ ಗೆಜೆಟ್ ಓದಿದರೆ ಒಂದು ಸಂಜೆಯ ಕೆಲಸ. ಪೇಟೆಂಟ್ ಆಫೀಸಿನ ಜರ್ನಲ್ ಪ್ರತಿ ಶುಕ್ರವಾರ ಬರುತ್ತದೆ, ಪೂರ್ತಿ ಬೇಡ, ನಿಮ್ಮ ಕ್ಲೈಂಟಿನ ಪ್ರತಿಸ್ಪರ್ಧಿಗಳ ಹೆಸರು ಹುಡುಕಿದರೆ ಸಾಕು.

ತೀರ್ಪುಗಳ ವಿಷಯ. ಎಲ್ಲರೂ ದೆಹಲಿ ದೆಹಲಿ ಅಂತಾರೆ. ದೆಹಲಿ ಹೈಕೋರ್ಟನ್ನು ಓದಲೇಬೇಕು, ಬಿಡಿ. ರಿಸ್ಡಿಪ್ಲಾಮ್ ಔಷಧಿಗೆ ರೋಶ್ ಕೇಳಿದ ತಡೆಯಾಜ್ಞೆಯನ್ನು 2025ರಲ್ಲಿ ಅಲ್ಲೇ ನಿರಾಕರಿಸಿದ್ದು, ಸುಪ್ರೀಂ ಕೋರ್ಟೂ ಅದಕ್ಕೆ ಕೈಹಾಕಲಿಲ್ಲ. ಆದರೆ ಬೆಂಗಳೂರಿನಲ್ಲಿ ಪೇಟೆಂಟ್ ಆಫೀಸೇ ಇಲ್ಲ, ನಮ್ಮ ಅರ್ಜಿಗಳೆಲ್ಲ ಚೆನ್ನೈಗೆ ಹೋಗುತ್ತವೆ. 2021ರಲ್ಲಿ ಐಪಿ ಅಪೀಲು ಮಂಡಳಿ ಐಪಿಎಬಿ ಮುಚ್ಚಿದ ಮೇಲೆ ಚೆನ್ನೈ ಆದೇಶದ ಮೇಲಿನ ಅಪೀಲು ಮದ್ರಾಸ್ ಹೈಕೋರ್ಟಿಗೆ. ಅಲ್ಲಿ 2023ರಿಂದ ಐಪಿಗೆ ಬೇರೆಯೇ ವಿಭಾಗ ಇದೆ. ನಿಮ್ಮದು ಎಲೆಕ್ಟ್ರಾನಿಕ್ಸ್, ಅಂದರೆ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಅನ್ನುವ, ಪೇಟೆಂಟ್ ಕಾಯಿದೆಯ 3(ಕೆ) ಕಲಂನ ಆಕ್ಷೇಪ ದಿನಾ ನೋಡುತ್ತೀರಿ. ಅದೇ ವಿಷಯದ ಮೇಲೆ ದೆಹಲಿ ಹೈಕೋರ್ಟ್ ಕೊಟ್ಟ 2019ರ ಫೆರಿದ್ ಅಲ್ಲಾನಿ ತೀರ್ಪು ಮತ್ತು 2025ರ ಜುಲೈನಲ್ಲಿ ಬಂದ ಕಂಪ್ಯೂಟರ್ ಸಂಬಂಧಿ ಆವಿಷ್ಕಾರಗಳ ಮಾರ್ಗಸೂಚಿ ಪಕ್ಕಪಕ್ಕ ಇಟ್ಟುಕೊಂಡು, ಮದ್ರಾಸಿನ 3(ಕೆ) ತೀರ್ಪುಗಳನ್ನು ಓದಿ. ಹಿಯರಿಂಗ್‌ಗೆ ಉತ್ತರ ಬರೆಯುವಾಗ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಬೇರೆ ಇಲ್ಲ.

ಬಸವನಗುಡಿಯಿಂದ, ವಿದೇಶಿ ಸಮ್ಮೇಳನಗಳಿಗೆ ಹೋಗಿ ಬಂದವನು:

ಸರ್ ಹೇಳಿದ್ದು ಸರಿ, ಆದರೆ ಸಮ್ಮೇಳನವನ್ನು ತಳ್ಳಿಹಾಕಬೇಡಿ. ಅದು ಕೆಲಸ ತರುವ ಜಾಗ. ಮೊದಲು ಯಾವುದಕ್ಕೆ ಕಳಿಸುತ್ತಿದ್ದಾರೆ ಕೇಳಿ. ಇಂಟಾ ಅಂದರೆ ಅದು ಟ್ರೇಡ್‌ಮಾರ್ಕ್‌ನವರ ಸಂಸ್ಥೆ, ಪೇಟೆಂಟಿನವರೂ ಹೋಗುತ್ತಾರೆ, ಆದರೆ ಮುಖ್ಯ ಗಿರಾಕಿ ಬ್ರ್ಯಾಂಡಿನದು. ಪೇಟೆಂಟಿಗೆ ಎಐಪಿಪಿಐ, ಏಷ್ಯಾದ ಅಟಾರ್ನಿಗಳ ಎಪಿಎಎ, ಫಿಕ್ಪಿ ಅನ್ನುವ ಸಂಘಗಳ ಸಮ್ಮೇಳನ ಹೆಚ್ಚು ಹತ್ತಿರ.

ಒಳಗೆ ಹೇಗಿರುತ್ತೆ ಅಂದರೆ, ಭಾಷಣದ ಹಾಲ್ ಅರ್ಧ ಖಾಲಿ. ಜನ ಇರುವುದು ಹೊರಗೆ, ನಂಬರ್ ಹಾಕಿದ ಪುಟ್ಟ ಮೇಜುಗಳ ಹತ್ತಿರ. ಅರ್ಧರ್ಧ ಗಂಟೆಗೆ ಒಬ್ಬೊಬ್ಬರು. ಜರ್ಮನಿಯವರು ಕೂರುತ್ತಾರೆ, ನೀವು ನಮಗೆ ವರ್ಷಕ್ಕೆ ಎಷ್ಟು ಫೈಲ್ ಕಳಿಸಿದಿರಿ, ನಾವು ನಿಮಗೆ ಎಷ್ಟು ಕಳಿಸಿದೆವು ಅನ್ನುವ ಹಾಳೆ ತೆಗೆಯುತ್ತಾರೆ. ಕೊಡು-ಕೊಳ್ಳುವ ಲೆಕ್ಕ ಅಷ್ಟೇ. ನಿಮ್ಮ ಆಫೀಸಿನಿಂದ ಹೊರದೇಶಕ್ಕೆ ಫೈಲ್ ಹೋಗುವುದೇ ಕಡಿಮೆ ಇದ್ದರೆ ಆ ಮೇಜಿನಲ್ಲಿ ಮಾತು ಕಾಫಿ ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಹೋಗುವುದಾದರೆ ಎರಡು ತಿಂಗಳು ಮುಂಚೆಯೇ ಮೇಲ್ ಹಾಕಿ ಭೇಟಿ ಗೊತ್ತು ಮಾಡಿಕೊಳ್ಳಿ, ಅಲ್ಲಿಗೆ ಹೋಗಿ ನೋಡೋಣ ಅನ್ನಬೇಡಿ. ರಿಜಿಸ್ಟರ್ ಆಗದೆ ಹೋಟೆಲ್ ಲಾಬಿಯಲ್ಲಿ ಕೂತು ಕೆಲಸ ಮುಗಿಸುವವರೂ ಇದ್ದಾರೆ, ದುಡ್ಡು ಉಳಿಯುತ್ತೆ ನಿಜ, ಆಯೋಜಕರಿಗೆ ಅದು ಇಷ್ಟ ಇಲ್ಲ, ನನಗೂ ಸರಿ ಅನಿಸುವುದಿಲ್ಲ. ಮೊದಲ ಸಲವೇ ಕೆಲಸ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಮುಖ ಪರಿಚಯ ಆಗುತ್ತೆ, ಎರಡನೇ ಸಲ ಹೆಸರು ನೆನಪಿರುತ್ತೆ.

ವೈಟ್‌ಫೀಲ್ಡ್‌ನಿಂದ, ಇನ್-ಹೌಸ್ (ಕಂಪನಿಯೊಳಗೇ ಪೇಟೆಂಟ್ ಕೆಲಸ):

ನಾನು ಫೈಲ್ ಕೊಡುವ ಕಡೆಯವಳು, ಅದಕ್ಕೆ ಹೇಳುತ್ತೇನೆ. ನಮ್ಮಂಥ ಕಂಪನಿಗಳಲ್ಲಿ ತಲೆನೋವು ಪೇಟೆಂಟ್ ಕಾಯಿದೆಯ 39ನೇ ಕಲಂ. ಇಲ್ಲಿ ವಾಸ ಇರುವ ಎಂಜಿನಿಯರ್ ಒಬ್ಬರು ಆವಿಷ್ಕಾರದಲ್ಲಿ ಸೇರಿದ್ದರೆ, ಅಮೆರಿಕದಲ್ಲಿ ಮೊದಲು ಹಾಕೋಕೆ ಅನುಮತಿ ಬೇಕು, ಇಲ್ಲವೇ ಇಲ್ಲಿ ಫೈಲ್ ಮಾಡಿ ಆರು ವಾರ ಕಾಯಬೇಕು. ಅಲ್ಲಿನ ಲೀಗಲ್ ತಂಡ ನಾಳೆಯೇ ಹಾಕಬೇಕು ಅಂದಾಗ ಫೋನ್ ಎತ್ತಿ ದಾರಿ ಹೇಳುವವರು ಯಾರೋ ಅವರಿಗೆ ಕೆಲಸ ಹೋಗುತ್ತದೆ. ಅಂಥವರನ್ನು ನಾನು ಕಂಡುಕೊಂಡಿದ್ದು ಊರಲ್ಲೇ ನಡೆಯುವ ಸಣ್ಣ ಸಭೆಗಳಲ್ಲಿ. ಏಪ್ರಿಲ್ 26, ವಿಶ್ವ ಐಪಿ ದಿನದ ಆಸುಪಾಸು ಇಂಥವು ಹೆಚ್ಚು. ಪೇಟೆಂಟ್ ಉಲ್ಲಂಘನೆಗೆ ಮೊಬೈಲ್ ಕಂಪನಿ ಲಾವಾ ಎರಿಕ್ಸನ್‌ಗೆ 244 ಕೋಟಿ ಕೊಡಬೇಕು ಅಂತ 2024ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲೆ, ನಮ್ಮ ಮ್ಯಾನೇಜ್‌ಮೆಂಟ್‌ಗೆ ಸ್ಟ್ಯಾಂಡರ್ಡ್ ಪೇಟೆಂಟ್ (ಎಲ್ಲರೂ ಪಾಲಿಸುವ ತಾಂತ್ರಿಕ ಮಾನದಂಡಕ್ಕೆ ಬೇಕೇಬೇಕಾದ ಪೇಟೆಂಟ್) ಅಂದರೇನು ಅಂತ ವಿವರಿಸೋಕೆ ಯಾರಾದರೂ ಬೇಕಿತ್ತು. ಅಂಥದೊಂದು ಸಭೆಯಲ್ಲಿ ಹಿಂದಿನ ಸಾಲಿನಿಂದ ರಾಯಲ್ಟಿ ಲೆಕ್ಕದ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ ಜೂನಿಯರ್ ಒಬ್ಬರನ್ನೇ ಕರೆದೆವು.

ಯಶವಂತಪುರದಿಂದ:

ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ನಾಗರಬಾವಿಯ ಲಾ ಸ್ಕೂಲಿನಲ್ಲೂ ಉಪನ್ಯಾಸ ಆಗುತ್ತಿರುತ್ತವೆ, ಎರಡರ ಮೇಲೂ ಕಣ್ಣಿಟ್ಟಿರಿ.

ಅದಿರಲಿ, ಯಾರೂ ಕೇಳಲಿಲ್ಲ. ಪೇಟೆಂಟ್ ಆಫೀಸಿನ ಮುಂದೆ ಕ್ಲೈಂಟಿನ ಪರ ಕೆಲಸ ಮಾಡಲು ಬೇಕಾದ ಪೇಟೆಂಟ್ ಏಜೆಂಟ್ ಪರೀಕ್ಷೆ ಆಯ್ತಾ ಮೇಡಂ? ಬಿಇ ಇರುವುದರಿಂದ ನೀವು ಬರೆಯಬಹುದು, ಬರೀ ಎಲ್‌ಎಲ್‌ಬಿ ಇರುವವರಿಗೆ ಆ ಅವಕಾಶ ಇಲ್ಲ. ಎರಡು ಪೇಪರ್‌ನಲ್ಲಿ ತಲಾ 50 ಪರ್ಸೆಂಟ್, ವೈವಾ ಸೇರಿ ಒಟ್ಟು 60 ಬೇಕು. ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯುತ್ತೆ ಅನ್ನುವ ಖಾತ್ರಿ ಇಲ್ಲ, ನೋಟಿಫಿಕೇಷನ್ ಬಂದಾಗ ಬಿಡಬೇಡಿ. ಆಗಿಲ್ಲ ಅಂದರೆ ಸೀನಿಯರ್ ಹತ್ತಿರ ಈ ವರ್ಷ ದುಡ್ಡಿನ ಬದಲು ಓದೋಕೆ ರಜೆ ಕೇಳಿ. ಸಮ್ಮೇಳನ ಮುಂದಿನ ವರ್ಷವೂ ಇರುತ್ತೆ.