ರಸ್ತೆ ನಮ್ಮೂರಿನದು, ಕೂಲಿ ಯಾರದು?

ಪ್ರಶ್ನೆ (ಹೊಸದುರ್ಗ ತಾಲ್ಲೂಕು): ನಾನು ಸೆಂಟ್ರಿಂಗ್ ಕೆಲಸದವನು. ಊರ ಮುಂದೆಯೇ ಸರ್ಕಾರಿ ರಸ್ತೆ, ಸೇತುವೆ ಕಾಮಗಾರಿ ಬಂದಾಗ ಇನ್ನು ಬೆಂಗಳೂರಿನ ಬಸ್ ಹತ್ತಬೇಕಿಲ್ಲ ಎಂದು ಹಿಗ್ಗಿದ್ದೆ. ಮಣ್ಣಿಗೆ ಹಿಟಾಚಿ ಬಂತು, ಕಬ್ಬಿಣ ಕಟ್ಟಲು ಹೊರರಾಜ್ಯದ ಹುಡುಗರು ಬಂದರು. ನನಗೆ ಸಿಕ್ಕಿದ್ದು ಸಿಮೆಂಟ್ ಶೆಡ್ಡಿನ ರಾತ್ರಿ ಕಾವಲು. ಅದಕ್ಕೂ ಎರಡು ತಿಂಗಳ ಸಂಬಳ ಬಾಕಿ. ಯಾರನ್ನು ಕೇಳಲಿ?

ಉತ್ತರ 1 (ದಾವಣಗೆರೆ): ಗುತ್ತಿಗೆದಾರ ಕೊಡದಿದ್ದರೆ ಕೆಲಸ ವಹಿಸಿದ ಇಲಾಖೆಯೇ ಸಂಬಳ ಕೊಟ್ಟು, ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು, ಕಾನೂನು ಹಾಗಿದೆ. ಕಾರ್ಯಪಾಲಕ ಎಂಜಿನಿಯರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಾರ್ಮಿಕ ನಿರೀಕ್ಷಕರಿಗೂ ಒಂದು ಪ್ರತಿ ಕೊಡಿ. ಬಾಯಿಮಾತು ಬೇಡ.

ಉತ್ತರ 2 (ಚಿತ್ರದುರ್ಗ): ನಾನೇ ಸಣ್ಣ ಗುತ್ತಿಗೆದಾರ, ಬೈಯುವ ಮೊದಲು ಕೇಳಿ ಅಣ್ಣ. ಹತ್ತು ಕೆಲಸ ಸೇರಿಸಿ ಒಂದೇ ಟೆಂಡರ್ ಕರೆದರೆ ಅವರು ಕೇಳುವ ವಹಿವಾಟು, ಯಂತ್ರ ನಮ್ಮಲ್ಲಿ ಎಲ್ಲಿದೆ? ಊರಿನ ಗಾರೆಯವರನ್ನು ಕರೆಯುವವರು ನಾವು, ನಮಗೇ ಕೆಲಸವಿಲ್ಲ. ಇರಲಿ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಕಾರ್ಡ್ ಮಾಡಿಸಿ. ಕಾಮಗಾರಿ ವೆಚ್ಚದ ಶೇ 1ರಷ್ಟು ಸೆಸ್ ಹೋಗುವುದು ಆ ಕಾರ್ಡ್ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೇ.

ಪ್ರಶ್ನೆ ಕೇಳಿದವನು: ಅರ್ಜಿ ಬರೆದಿದ್ದೇನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲವಂತೆ. ಕಾವಲಿನ ಮೊಬೈಲ್ ಫೋಟೊ ನಡೆಯುತ್ತದೆಯೇ?