‘ಬ್ರೋ, ರೇಟ್ ಎಷ್ಟು?’ ಅಂತ ಕೇಳಿ ಮಾಯ ಆಗುವವರಿಗೆ ಏನು ಬರೆಯುತ್ತೀರಿ?

ಹಾಸನದ ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. 3 ವರ್ಷ ಬೇರೆಯವರ ಕೈಕೆಳಗೆ ಮದುವೆ ವಿಡಿಯೋ ಮಾಡುತ್ತಿದ್ದೆ, ಈಗ 8 ತಿಂಗಳಿಂದ ಸ್ವಂತ. ಶೂಟಿಂಗ್ ಬಗ್ಗೆ ತಲೆಬಿಸಿ ಇಲ್ಲ, ತಲೆಬಿಸಿ ಎಲ್ಲ ವಾಟ್ಸಾಪ್‌ದು. ರೀಲ್ ನೋಡಿದವರು ಮೆಸೇಜ್ ಹಾಕುತ್ತಾರೆ, ‘ಬ್ರೋ ರೇಟ್ ಎಷ್ಟು’. ನಾನು ಪ್ಯಾಕೇಜ್ ಪಿಡಿಎಫ್ ಕಳಿಸುತ್ತೇನೆ. ನೀಲಿ ಟಿಕ್ ಬೀಳುತ್ತದೆ. ಆಮೇಲೆ ಸದ್ದೇ ಇಲ್ಲ. ಹೋದ ತಿಂಗಳು 19 ಜನ ಕೇಳಿದರು, ಬುಕ್ ಆಗಿದ್ದು 2, ಅದರಲ್ಲೂ ಒಂದು ನಮ್ಮ ಚಿಕ್ಕಪ್ಪನ ಪರಿಚಯದವರದು. ಜಾಸ್ತಿ ಹೇಳುತ್ತಿದ್ದೀನೇನೋ ಅಂತ 5 ಸಾವಿರ ಇಳಿಸಿಯೂ ನೋಡಿದೆ, ಏನೂ ಬದಲಾಗಲಿಲ್ಲ. ಮೊದಲ ಮೆಸೇಜಿಗೆ ನೀವೆಲ್ಲ ಏನು ಉತ್ತರ ಕೊಡುತ್ತೀರಿ?

ರಾತ್ರಿ ಎಡಿಟಿಂಗ್:
ಮೊದಲು ಆ ಪಿಡಿಎಫ್ ಡಿಲೀಟ್ ಮಾಡು ಗುರು. ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ನಾನೂ ಮಾಡಿಸಿದ್ದೆ. ಯಾರೂ ಓದುವುದಿಲ್ಲ, ಕೊನೆಯ ಪುಟದ ನಂಬರ್ ನೋಡಿ ಮುಚ್ಚುತ್ತಾರೆ.

ಮಂಡ್ಯ ಸ್ಟುಡಿಯೋ:
ರೇಟ್ ಎಷ್ಟು ಅಂತ ಕೇಳುವವರಿಗೆ ಬೇರೆ ಏನು ಕೇಳಬೇಕು ಅಂತ ಗೊತ್ತಿರುವುದಿಲ್ಲ, ಅಷ್ಟೇ. ಮನೆಯಲ್ಲಿ ಮೊದಲ ಮದುವೆ ಇರುತ್ತದೆ. ಹಾಗಾಗಿ ನಾನೇ ಮೂರು ಕೇಳುತ್ತೇನೆ: ಮುಹೂರ್ತ ಯಾವತ್ತು, ಛತ್ರ ಎಲ್ಲಿ, ಏನೇನು ಕಾರ್ಯ ಇದೆ. ಮೂರನೆಯದನ್ನು ಬಿಡಲೇಬೇಡಿ. ಒಮ್ಮೆ ಒಬ್ಬರು ‘ಒಂದೇ ದಿನದ ಮದುವೆ’ ಅಂದರು, ನಾನೂ ಹೂಂ ಅಂದು ಒಂದು ದಿನದ ರೇಟ್ ಹೇಳಿಬಿಟ್ಟೆ. ಆಮೇಲೆ ನೋಡಿದರೆ ಬೆಳಗ್ಗೆ ಚಪ್ಪರ, ಮಧ್ಯಾಹ್ನ ಅರಿಶಿನ, ಸಂಜೆ ರಿಸೆಪ್ಷನ್ 11ರವರೆಗೆ, ಮಾರನೇ ದಿನ 5ಕ್ಕೇ ವರಪೂಜೆ, ಧಾರೆ, ಅದು ಮುಗಿದ ಮೇಲೆ ‘ಬೀಗರ ಊಟಕ್ಕೂ ಸುಮ್ನೆ ಬಂದು ಹೋಗಿ ಸರ್’. ಅವರ ಲೆಕ್ಕದಲ್ಲಿ ಅದೆಲ್ಲ ಒಂದೇ ಮದುವೆ, ಅವರದು ತಪ್ಪಲ್ಲ, ಕೇಳದೆ ಇದ್ದದ್ದು ನನ್ನ ತಪ್ಪು.

ಇನ್ನೊಂದು, ‘ಒಂದು ಕ್ಯಾಮೆರಾ ಸಾಕಲ್ವಾ’ ಅಂತ ಕೇಳಿದರೆ ನಾನು ಲೆನ್ಸು, ಫೋರ್‌ಕೆ ಅಂತೆಲ್ಲ ಹೇಳುವುದಿಲ್ಲ. ಪುರೋಹಿತರು ‘ಗಟ್ಟಿಮೇಳ’ ಅಂದ ತಕ್ಷಣ ಏನಾಗುತ್ತದೆ ನೆನಪಿಸುತ್ತೇನೆ. ವಾಲಗದವರು ಜೋರು ಮಾಡುತ್ತಾರೆ, ಕೂತವರೆಲ್ಲ ಅಕ್ಷತೆ ಹಿಡಿದು ಎದ್ದು ನಿಲ್ಲುತ್ತಾರೆ, ಅರ್ಧ ಜನ ಮೊಬೈಲ್ ಎತ್ತಿಕೊಂಡು ಸ್ಟೇಜ್ ಹತ್ತುತ್ತಾರೆ. ಕೆಳಗಿನ ಕ್ಯಾಮೆರಾಕ್ಕೆ ಸಿಗುವುದು ಸೋದರಮಾವನ ಬೆನ್ನು. ಅದಕ್ಕೇ ಮಂಟಪದೊಳಗೆ ಇನ್ನೊಬ್ಬ ಇರಬೇಕು. ಇದು ಹೇಳಿದರೆ ದೊಡ್ಡವರಿಗೆ ತಕ್ಷಣ ಅರ್ಥ ಆಗುತ್ತದೆ, ಅವರ ಮನೆಯ ಯಾವುದೋ ಹಳೇ ಕ್ಯಾಸೆಟ್ಟಿನಲ್ಲಿ ಆ ಬೆನ್ನು ಅವರೂ ನೋಡಿರುತ್ತಾರೆ.

ಹೋದ ವರ್ಷದ ಮದುಮಗಳು:
ನಾನು ಈ ಕೆಲಸದವಳಲ್ಲ, ಆದರೆ ಆ ಮಾಯ ಆಗುವವರ ಪೈಕಿ ನಾನೂ ಒಬ್ಬಳು, ಕ್ಷಮಿಸಿ. 6 ಜನರಿಗೆ ಮೆಸೇಜ್ ಹಾಕಿದ್ದೆ. ರೇಟ್ ಜಾಸ್ತಿ ಅಂತ ಸುಮ್ಮನಾಗಿದ್ದಲ್ಲ, ದುಡ್ಡು ಕೊಡುವವರು ಅಪ್ಪ, ಅವರಿಗೆ ತೋರಿಸಿದರೆ ‘ಸಿನಿಮ್ಯಾಟಿಕ್ ಟೀಸರ್ ಅಂದರೇನಮ್ಮಾ’ ಅನ್ನುತ್ತಾರೆ, ನನಗೂ ಬಿಡಿಸಿ ಹೇಳೋಕೆ ಬರಲಿಲ್ಲ. ಒಬ್ಬರು ಮಾತ್ರ ‘ತಂದೆಯವರ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ’ ಅಂದರು. ಫೋನಿನಲ್ಲಿ ಅಪ್ಪನಿಗೆ ಕೇಳಿದ್ದು, ಸ್ಟೇಜ್ ಹತ್ತಲಾಗದ ಹಿರಿಯರು ಯಾರಾದರೂ ಇದ್ದಾರಾ ಅಂತ. ನಮ್ಮಜ್ಜಿ ಗಾಲಿಕುರ್ಚಿಯಲ್ಲಿ ಇದ್ದರು. ಅಲ್ಲಿಗೇ ಆ ವಿಡಿಯೋದವರು ಬುಕ್ ಆದರು, ರೇಟ್ ಆಮೇಲೆ ಮಾತಾಡಿದ್ದು. ಇನ್ನೊಬ್ಬರು ಆ ದಿನ ಖಾಲಿ ಇಲ್ಲ ಅಂತ ಹೇಳಿ ಬೇರೆಯವರ ನಂಬರ್ ಕೊಟ್ಟರು. ಹಾಗೆ ನಂಬರ್ ಕೊಟ್ಟವರನ್ನೇ ಆಮೇಲೆ ತಮ್ಮನ ಉಪನಯನಕ್ಕೆ ಕರೆದೆವು.

ಮಂಗಳೂರು ಲೆನ್ಸ್:
ಎಲ್ಲ ಸರಿ, ಆದರೆ ರೇಟ್ ಮುಚ್ಚಿಡುವುದು ನನಗೆ ಆಗುವುದಿಲ್ಲ. ಕೇಳಿದ್ದು ರೇಟ್, ನಾವು ಹತ್ತು ಪ್ರಶ್ನೆ ವಾಪಸ್ ಕೇಳಿದರೆ ಅವರಿಗೂ ಸಿಟ್ಟು ಬರುತ್ತದೆ ಅಲ್ವಾ? ‘ಎರಡು ಕ್ಯಾಮೆರಾ 40 ಸಾವಿರದಿಂದ ಶುರು, ಮೆಹೆಂದಿ ರಾತ್ರಿಯೂ ಸೇರಿದರೆ ಹೆಚ್ಚುತ್ತದೆ, ತಾರೀಕು ಹೇಳಿ ಖಾಲಿ ಇದೆಯಾ ನೋಡುತ್ತೇನೆ’. ಇಷ್ಟೇ ನನ್ನ ಮೆಸೇಜ್. 20 ಸಾವಿರದ ಲೆಕ್ಕದಲ್ಲಿದ್ದವರು ಅಲ್ಲೇ ಬಿಡುತ್ತಾರೆ, ಬಿಡಲಿ.

ಮತ್ತೆ, ಡ್ರೋನ್ ಫ್ರೀ ಅಂತ ಯಾರಿಗೂ ಬರೆದು ಕೊಡಬೇಡಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಜಾಸ್ತಿ ತೂಕದ್ದನ್ನು ದುಡ್ಡಿಗೆ ಹಾರಿಸಬೇಕಾದರೆ ನೋಂದಣಿಯೂ ಬೇಕು, ಪೈಲಟ್ ಸರ್ಟಿಫಿಕೇಟೂ ಬೇಕು. ಛತ್ರ ಏರ್‌ಪೋರ್ಟ್ ಪಕ್ಕ ರೆಡ್ ಜೋನ್‌ನಲ್ಲಿ ಬಿದ್ದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ. ಹೂಂ ಅಂದು ಆಮೇಲೆ ಹಾರಿಸದೆ ಇದ್ದರೆ ಬಾಕಿ ದುಡ್ಡಿಗೆ ಅದೇ ನೆಪ ಆಗುತ್ತದೆ.

ಹಾಸನದ ಕ್ಯಾಮೆರಾ:
ಪಿಡಿಎಫ್ ತೆಗೆದೆ. ಮಂಗಳೂರು ಅಣ್ಣನ ಹಾಗೆ ಶುರುವಿನ ರೇಟ್, ಜೊತೆಗೆ ಮಂಡ್ಯದವರ ಮೂರು ಪ್ರಶ್ನೆ, ಇದನ್ನು ನಿನ್ನೆ 4 ಜನರಿಗೆ ಕಳಿಸಿದೆ. ಇಬ್ಬರು ಎಂದಿನ ಹಾಗೆ ನೀಲಿ ಟಿಕ್. ಒಬ್ಬರು ತಾರೀಕು ಹೇಳಿದರು, ಆಷಾಢ ಮುಗಿದ ಮೇಲಂತೆ, ನಾಳೆ ಹುಡುಗಿಯ ತಂದೆ ಫೋನ್ ಮಾಡುತ್ತಾರೆ. ಇನ್ನೊಬ್ಬರು ಮೂರೂ ಪ್ರಶ್ನೆಗೆ ನೀಟಾಗಿ ಉತ್ತರ ಬರೆದು ಕೊನೆಗೆ ಕೇಳಿದ್ದಾರೆ, ‘ಡ್ರೋನ್ ಫ್ರೀ ತಾನೇ ಬ್ರೋ?’